ಧಾರ್ಮಿಕ ಸಂಸ್ಥೆಯ ಆಸ್ತಿ ಲೆಕ್ಕ ಓದುವುದು ಹೇಗೆ? ಕಾಣಿಕೆ ಕೊಡುವವರಿಗೊಂದು ಮಾರ್ಗದರ್ಶಿ

"ಇಷ್ಟೆಲ್ಲಾ ಆಸ್ತಿ ಇಟ್ಟುಕೊಂಡು ಮತ್ತೆ ನಮ್ಮ ಹತ್ತಿರ ಯಾಕೆ ಕೇಳ್ತಾರೆ?" ಕಾಣಿಕೆ ಕೊಡುವ ಯಾರಿಗಾದರೂ ಒಮ್ಮೆಯಾದರೂ ಹೊಳೆದಿರುವ ಪ್ರಶ್ನೆ ಇದು. ಕೇಳೋದು ತಪ್ಪೇನಲ್ಲ. ಆದರೆ ಉತ್ತರ ಹುಡುಕಲು ಹೊರಟವರು ಸಾಮಾನ್ಯವಾಗಿ ಒಂದೇ ಒಂದು ಅಂಕಿ ಹಿಡಿದುಕೊಂಡು ವಾಪಸ್ ಬರುತ್ತಾರೆ: ಒಟ್ಟು ಆಸ್ತಿ ಇಷ್ಟು ಸಾವಿರ ಕೋಟಿ. ಅದನ್ನು ನೋಡಿ ಒಬ್ಬರು ಹೆಮ್ಮೆ ಪಡುತ್ತಾರೆ, ಇನ್ನೊಬ್ಬರು ಉರಿದು ಬೀಳುತ್ತಾರೆ. ಇಬ್ಬರಿಗೂ ಅದರಿಂದ ತಿಳಿದದ್ದು ಸೊನ್ನೆ.

ನಾನು ಆಡಿಟರ್ ಅಲ್ಲ. ಒಂದು ಸಣ್ಣ ಧಾರ್ಮಿಕ ಟ್ರಸ್ಟಿನ ಸಮಿತಿಯಲ್ಲಿ ಕೆಲವು ವರ್ಷ ಕೂತಿದ್ದೆ, ಅಲ್ಲಿ ಲೆಕ್ಕಪತ್ರ ಕೈಗೆ ಬಂದಾಗಲೆಲ್ಲ ತಲೆ ಆಡಿಸಿ ಸಹಿ ಹಾಕಿ ಮನೆಗೆ ಬರುತ್ತಿದ್ದೆ. ಒಂದು ದಿನ ನಾಚಿಕೆಯಾಗಿ ಓದೋದು ಕಲಿತೆ. ಆಮೇಲೆ ಅದೇ ಒಂದು ಹುಚ್ಚಾಯಿತು, ದೊಡ್ಡ ದೊಡ್ಡ ಸಂಸ್ಥೆಗಳ ವರದಿಗಳನ್ನೂ ತಿರುವಿ ಹಾಕಲು ಶುರು ಮಾಡಿದೆ. ಧರ್ಮ ಯಾವುದೇ ಇರಲಿ, ಲೆಕ್ಕದ ಪುಸ್ತಕದೊಳಗೆ ಹೊಕ್ಕರೆ ಕಥೆ ಹೆಚ್ಚುಕಮ್ಮಿ ಒಂದೇ ಥರ. ಕೆಳಗಿನ ಉದಾಹರಣೆಗಳು ಚರ್ಚುಗಳದ್ದೇ ಜಾಸ್ತಿ ಇವೆ, ಅದಕ್ಕೆ ಬೇರೆ ಅರ್ಥ ಬೇಡ. ಅವುಗಳ ಲೆಕ್ಕ, ತನಿಖಾ ವರದಿ, ಕೋರ್ಟ್ ತೀರ್ಪು ಎಲ್ಲ ಬಯಲಿಗೆ ಬಂದಿವೆ, ಹಾಗಾಗಿ ಖಚಿತವಾಗಿ ಮಾತಾಡಬಹುದು ಅಷ್ಟೇ.

ಶುರು ಮಾಡುವ ಮುಂಚೆ

ಒಂದು ವರ್ಷದ ವರದಿ ಸಾಲದು. ಐದು ವರ್ಷದ್ದು ಜೋಡಿಸಿಕೊಳ್ಳಿ. ಫೋಟೋ, ಶುಭಾಶಯ, ಮುಖ್ಯಸ್ಥರ ಸಂದೇಶ ಇರುವ ಬಣ್ಣದ ಪುಸ್ತಕ ಬೇರೆ, ಆಡಿಟರ್ ಸಹಿ ಇರುವ ಲೆಕ್ಕಪತ್ರ ಬೇರೆ. ನಿಮಗೆ ಬೇಕಿರೋದು ಎರಡನೆಯದು. ಅದನ್ನೂ ಹಿಂದಿನಿಂದ ಓದಿ. ನಿಜ. ಮುಂದಿನ ಪುಟಗಳಲ್ಲಿ ಅಂಕಿಗಳು ನೀಟಾಗಿ ಕೂತಿರುತ್ತವೆ, ಕೊನೆಯ ಟಿಪ್ಪಣಿಗಳಲ್ಲಿ ಆ ಅಂಕಿಗಳ ಹೊಟ್ಟೆಯೊಳಗೆ ಏನಿದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮೊದಲು ಆಡಿಟರ್ ಅಭಿಪ್ರಾಯದ ಪ್ಯಾರಾ ನೋಡಿ, ಅಲ್ಲಿ "ಈ ಕೆಳಗಿನದನ್ನು ಹೊರತುಪಡಿಸಿ" ಅನ್ನುವಂಥ ಮಾತೇನಾದರೂ ಇದ್ದರೆ ಅದರ ಕೆಳಗೆ ಗೆರೆ ಎಳೆದು ಮುಂದೆ ಹೋಗಿ. ಪೆನ್ಸಿಲ್ ಇರಲಿ, ಕ್ಯಾಲ್ಕುಲೇಟರ್ ಇರಲಿ, ಒಂದು ಭಾನುವಾರ ಇರಲಿ.

ಹೆಜ್ಜೆ 1: ಆಸ್ತಿ ಯಾರ ಹೆಸರಲ್ಲಿದೆ ಅಂತ ನೋಡಿ

ಹೊರಗಿನಿಂದ ನೋಡಿದರೆ ಒಂದೇ ಸಂಸ್ಥೆ. ಕಾಗದದ ಮೇಲೆ ಹತ್ತು ಇರಬಹುದು, ನೂರು ಇರಬಹುದು. ಪ್ರತಿಯೊಂದಕ್ಕೂ ಬೇರೆ ಜೇಬು, ಬೇರೆ ಸಹಿ.

ಚರ್ಚ್ ಆಫ್ ಇಂಗ್ಲೆಂಡನ್ನೇ ತಗೊಳ್ಳಿ. ಅದರ ದೊಡ್ಡ ಹೂಡಿಕೆ ನಿಧಿ ಇರೋದು ಚರ್ಚ್ ಕಮಿಷನರ್ಸ್ ಅನ್ನುವ ಮಂಡಳಿಯ ಕೈಯಲ್ಲಿ. 1704ರಲ್ಲಿ ಬಡ ಪಾದ್ರಿಗಳಿಗಾಗಿ ಶುರುವಾದ ಕ್ವೀನ್ ಆನ್ಸ್ ಬೌಂಟಿ ಮತ್ತು 1836ರ ಎಕ್ಲೀಸಿಯಾಸ್ಟಿಕಲ್ ಕಮಿಷನರ್ಸ್, ಈ ಎರಡನ್ನೂ 1948ರಲ್ಲಿ ಸೇರಿಸಿ ಇದನ್ನು ಮಾಡಿದರು. 2023ರ ಕೊನೆಗೆ ನಿಧಿಯ ಬೆಲೆ ಸುಮಾರು 1,040 ಕೋಟಿ ಪೌಂಡ್. ಆದರೆ ಹಳ್ಳಿಯ ಒಂದು ಚರ್ಚಿನ ಚಾವಣಿ ಸೋರಿದರೆ ರಿಪೇರಿ ಹೊರೆ ಬೀಳೋದು ಮುಖ್ಯವಾಗಿ ಆ ಪ್ಯಾರಿಷ್‌ನ, ಅಂದರೆ ಆ ಚರ್ಚಿಗೆ ಸೇರಿದ ಊರಿನ ಜನರ ಮೇಲೆ. ಅವರ ಲೆಕ್ಕ ಬೇರೆ, ಹಲವು ಪ್ಯಾರಿಷ್‌ಗಳು ಸೇರಿದ ಡಯಾಸಿಸ್‌ನ ಲೆಕ್ಕ ಬೇರೆ, ಕಮಿಷನರ್‌ಗಳ ಲೆಕ್ಕ ಬೇರೆ. ಹಾಗಾಗಿ "1,040 ಕೋಟಿ ಇಟ್ಟುಕೊಂಡು ಚಾವಣಿಗೆ ಚಂದಾ ಎತ್ತುತ್ತಾರೆ" ಅನ್ನೋದು ಕೇಳಲು ಖಾರವಾಗಿದ್ದರೂ, ಚಂದಾ ಎತ್ತುವವರ ಕೈಗೆ ಆ 1,040 ಕೋಟಿ ಸಿಗೋದೇ ಇಲ್ಲ.

ಹಾಗಂತ ಇದು ಯಾವಾಗಲೂ ಮುಗ್ಧ ವ್ಯವಸ್ಥೆ ಅಂತಲೂ ಅಂದುಕೊಳ್ಳಬೇಡಿ. ಬೇರೆ ಬೇರೆ ಹೆಸರುಗಳು ಕೆಲವೊಮ್ಮೆ ಆಸ್ತಿ ಬಚ್ಚಿಡಲಿಕ್ಕೂ ಬರುತ್ತವೆ. ಅದನ್ನು ಹೆಜ್ಜೆ 7ರಲ್ಲಿ ನೋಡೋಣ. ಈಗ ನೀವು ಮಾಡಬೇಕಿರೋದು ಒಂದು ಹಾಳೆಯಲ್ಲಿ ಸಂಸ್ಥೆಗೆ ಸೇರಿದ ಎಲ್ಲ ಟ್ರಸ್ಟು, ಸೊಸೈಟಿ, ಕಂಪನಿಗಳ ಹೆಸರು ಬರೆದು, ಯಾವ ಜಮೀನು ಯಾವುದರಲ್ಲಿದೆ, ಯಾವುದರ ಲೆಕ್ಕ ನಿಮಗೆ ಸಿಕ್ಕಿದೆ, ಯಾವುದರದ್ದು ಸಿಕ್ಕಿಲ್ಲ ಅಂತ ಗುರುತು ಹಾಕೋದು. ಸಿಗದೇ ಇರುವ ಲೆಕ್ಕಗಳ ಪಟ್ಟಿಯೇ ಅರ್ಧ ಕಥೆ ಹೇಳುತ್ತೆ.

ಹೆಜ್ಜೆ 2: ದುಡಿಯುವ ಆಸ್ತಿ, ದುಡ್ಡು ತಿನ್ನುವ ಆಸ್ತಿ

ಪೂಜಾಸ್ಥಳ ಆಸ್ತಿಯ ಪಟ್ಟಿಯಲ್ಲಿ ಇರುತ್ತೆ, ಆದರೆ ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಬಣ್ಣ ಹೊಡೆಸುತ್ತಾ ಇರಬೇಕು. ಹಣಕಾಸಿನ ದೃಷ್ಟಿಯಿಂದ ಅದು ಖರ್ಚು. ವ್ಯಾಟಿಕನ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಸೇಂಟ್ ಪೀಟರ್ಸ್ ಬೆಸಿಲಿಕಾಕ್ಕೆ ಅದರ ಲೆಕ್ಕದಲ್ಲಿ ಹಾಕಿರುವ ಬೆಲೆ 1 ಯೂರೋ. ತಮಾಷೆ ಅನ್ನಿಸಬಹುದು. ನನಗಂತೂ ಅದಕ್ಕಿಂತ ಪ್ರಾಮಾಣಿಕವಾದ ಬೆಲೆ ಇನ್ನೊಂದು ಇಲ್ಲ ಅನ್ನಿಸುತ್ತೆ, ಕೊಳ್ಳುವವರೇ ಇಲ್ಲದ ವಸ್ತುವಿಗೆ ಮಾರುಕಟ್ಟೆ ದರ ಅಂತ ಏನು ಬರೆಯೋದು?

ವ್ಯಾಟಿಕನ್‌ನ ಆಸ್ತಿ ನೋಡಿಕೊಳ್ಳುವ ಆಪ್ಸಾ ಎಂಬ ಆಡಳಿತ ಕಚೇರಿ ಶುರುವಾದದ್ದು 1967ರಲ್ಲಿ. ಅದು ತನ್ನ ಲೆಕ್ಕವನ್ನು ಮೊದಲ ಸಲ ಪ್ರಕಟಿಸಿದ್ದು 2021ರಲ್ಲಿ, ಅಂದರೆ 50 ವರ್ಷ ದಾಟಿದ ಮೇಲೆ. ಆಗ ಗೊತ್ತಾದದ್ದು: ಇಟಲಿಯಲ್ಲಿ 4,051 ಆಸ್ತಿ, ಹೊರದೇಶಗಳಲ್ಲಿ 1,120. ಅಬ್ಬಾ ಅನ್ನುವ ಸಂಖ್ಯೆ. ಆದರೆ ಇಟಲಿಯ ಆಸ್ತಿಗಳಲ್ಲಿ ಮಾರುಕಟ್ಟೆ ದರಕ್ಕೆ ಬಾಡಿಗೆಗೆ ಹೋಗಿದ್ದದ್ದು ಸುಮಾರು ಶೇ. 14 ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ಕಡಿಮೆ ಬಾಡಿಗೆಗೆ, ಇಲ್ಲವೇ ಸಂಸ್ಥೆಯ ಸ್ವಂತ ಬಳಕೆಗೆ.

ಇಲ್ಲಿ ಸ್ವಲ್ಪ ನಿಲ್ಲಿ. ಕಡಿಮೆ ಬಾಡಿಗೆ ಅಂದರೆ ಅದೂ ಒಂದು ದಾನವೇ, ಲೆಕ್ಕದಲ್ಲಿ ಕಾಣದ ದಾನ. ವಯಸ್ಸಾದ ಸಿಬ್ಬಂದಿಗೆ, ಶಾಲೆಗೆ, ಬಡ ಕುಟುಂಬಕ್ಕೆ ಕೊಟ್ಟಿದ್ದರೆ ಯಾರೂ ತಕರಾರು ಮಾಡಲಾರರು. ದೊಡ್ಡ ಹುದ್ದೆಯವರಿಗೆ ಕೊಟ್ಟಿದ್ದರೆ? 2023ರಲ್ಲಿ ಪೋಪ್ ಫ್ರಾನ್ಸಿಸ್ ಕಾರ್ಡಿನಲ್‌ಗಳು ಮತ್ತು ಹಿರಿಯ ಅಧಿಕಾರಿಗಳಿಗಿದ್ದ ಉಚಿತ ಮತ್ತು ರಿಯಾಯಿತಿ ಮನೆಯ ಸೌಲಭ್ಯವನ್ನು ನಿಲ್ಲಿಸಿದರು. ನಾನಿದ್ದ ಸಮಿತಿಯ ವಿಷಯಕ್ಕೆ ಬಂದರೆ, ನಮ್ಮ ಕಟ್ಟಡದ ಕೆಳಗಿನ ಮಹಡಿಯ ಬಾಡಿಗೆ 11 ವರ್ಷ ಒಂದು ಪೈಸೆ ಏರಿರಲಿಲ್ಲ. ಬಾಡಿಗೆದಾರ ಯಾರು ಅಂತ ಕೇಳಿದಾಗ ಸಭೆ ಮೌನವಾಯಿತು, ಯಾಕೆಂದರೆ ಅವರು ಅದೇ ಮೇಜಿನ ಸುತ್ತ ಕೂತಿದ್ದ ಒಬ್ಬರ ಬೀಗರು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಕೇಳುವವರು ಇರಲಿಲ್ಲ ಅಷ್ಟೇ.

ಹಾಗಾಗಿ ಆಸ್ತಿಗಳನ್ನು ಮೂರು ಗುಂಪು ಮಾಡಿ: ಪೂಜೆ ಮತ್ತು ಸೇವೆಗೆ ಬಳಸೋದು, ರಿಯಾಯಿತಿಗೆ ಕೊಟ್ಟದ್ದು, ಪೂರ್ತಿ ಬಾಡಿಗೆಗೆ ಬಿಟ್ಟದ್ದು. ಮುಂದಿನ ಲೆಕ್ಕವೆಲ್ಲ ಮೂರನೆಯ ಗುಂಪಿನ ಮೇಲೆ.

ಹೆಜ್ಜೆ 3: ಬಾಡಿಗೆಯ ನಿಜವಾದ ಇಳುವರಿ

ಇದು ಸರಳ. ಕಟ್ಟಡದ ಇವತ್ತಿನ ಬೆಲೆ 100 ಅನ್ನಿ, ವರ್ಷದ ಬಾಡಿಗೆ 6. ರಿಪೇರಿ, ವಿಮೆ, ತೆರಿಗೆ, ಖಾಲಿ ಬಿದ್ದ ತಿಂಗಳು, ನೋಡಿಕೊಳ್ಳುವವರ ಸಂಬಳ ಎಲ್ಲ ಸೇರಿ 2 ಹೋಯಿತು. ಕೈಗೆ ಬಂದದ್ದು 4. ಅದೇ ದುಡ್ಡು ಸುಮ್ನೆ ಬ್ಯಾಂಕಿನ ಠೇವಣಿಯಲ್ಲಿದ್ದರೆ ಎಷ್ಟು ಬರುತ್ತಿತ್ತು ಅಂತ ಹೋಲಿಸಿ. ಕಮ್ಮಿ ಬಂದರೆ ಗಾಬರಿ ಬೇಡ, ಜಮೀನಿನ ಬೆಲೆ ಏರುತ್ತೆ, ಠೇವಣಿ ಏರಲ್ಲ. ಆದರೆ 100ಕ್ಕೆ 1 ಬರುತ್ತಿದ್ದರೆ ಯಾಕೆ ಅಂತ ಕೇಳಲೇಬೇಕು.

ಒಂದು ಎಚ್ಚರಿಕೆ. "ಆಸ್ತಿಯ ಬೆಲೆ" ಅಂತ ಬರೆದಿರೋದು ಕೊಂಡ ಬೆಲೆಯೋ ಇವತ್ತಿನ ಬೆಲೆಯೋ ಅಂತ ಟಿಪ್ಪಣಿಯಲ್ಲಿ ಹುಡುಕಿ. ನೂರು ವರ್ಷದ ಹಿಂದೆ ದಾನವಾಗಿ ಬಂದ ಜಮೀನು ಪುಸ್ತಕದಲ್ಲಿ ಪುಡಿಗಾಸಿನ ಬೆಲೆಗೆ ಕೂತಿರಬಹುದು, ಆಗ ಇಳುವರಿ ಆಕಾಶಕ್ಕೆ ಏರಿದ ಹಾಗೆ ಕಾಣುತ್ತೆ. ಇನ್ನೊಂದು ಕಡೆ, ಬೆಲೆಯನ್ನು ಹೊಸದಾಗಿ ಅಂದಾಜು ಮಾಡಿಸಿ "ಈ ವರ್ಷ ಇಷ್ಟು ಲಾಭ" ಅಂತ ತೋರಿಸಿರಬಹುದು. ಅದು ಕಾಗದದ ಲಾಭ, ಅದರಿಂದ ಯಾರ ಸಂಬಳವೂ ಕೊಡಲು ಆಗಲ್ಲ.

ಮಾರಾಟದ ದುಡ್ಡನ್ನೂ ಬೇರೆ ಇಡಿ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು 1909ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿ, ಒಂದೊಂದೇ ಕಟ್ಟಡ ಕೊಳ್ಳುತ್ತಾ ಬಂದವರು. ಕೇಂದ್ರವನ್ನು ಅದೇ ರಾಜ್ಯದ ವಾರ್ವಿಕ್‌ಗೆ ಸಾಗಿಸುವಾಗ ಆ ಕಟ್ಟಡಗಳನ್ನೆಲ್ಲ ಮಾರಿದರು. 2016ರಲ್ಲಿ ಮುಖ್ಯ ಕಚೇರಿಯ ಕಟ್ಟಡ ಒಂದಕ್ಕೇ 34 ಕೋಟಿ ಡಾಲರ್ ಬಂತು. ಒಳ್ಳೆಯ ವ್ಯಾಪಾರವೇ. ಆದರೆ ಇಂಥ ವರ್ಷದ ಲೆಕ್ಕ ಮಾತ್ರ ನೋಡಿದವರಿಗೆ ಸಂಸ್ಥೆ ಪ್ರತಿವರ್ಷ ಅಷ್ಟು ದುಡಿಯುತ್ತೆ ಅನ್ನಿಸಿಬಿಡುತ್ತೆ. ಐದು ವರ್ಷದ ವರದಿ ಬೇಕು ಅಂದದ್ದು ಇದಕ್ಕೇ.

ಹೆಜ್ಜೆ 4: ಗುತ್ತಿಗೆ ಮುಗಿಯುವ ವರ್ಷ ಬರೆದುಕೊಳ್ಳಿ

ಹಳೆಯ ಧಾರ್ಮಿಕ ಸಂಸ್ಥೆಗಳು ಜಮೀನು ಮಾರೋದಕ್ಕಿಂತ ದೀರ್ಘಾವಧಿ ಗುತ್ತಿಗೆಗೆ ಕೊಡೋದು ಜಾಸ್ತಿ. ಮಾರಿದರೆ ಒಮ್ಮೆ ದುಡ್ಡು, ಗುತ್ತಿಗೆ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಜಮೀನೂ ವಾಪಸ್.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ನ್ಯೂಯಾರ್ಕಿನ ಟ್ರಿನಿಟಿ ಚರ್ಚ್. 1705ರಲ್ಲಿ ರಾಣಿ ಆನ್ ಮ್ಯಾನ್‌ಹಟನ್‌ನಲ್ಲಿ ಇದಕ್ಕೆ 215 ಎಕರೆ ಕೊಟ್ಟಳು. ಆಗ ಅದು ಹೊಲ. ಮೂರು ಶತಮಾನದಲ್ಲಿ ಬಹುಪಾಲು ದಾನವಾಗಿಯೋ ಮಾರಾಟವಾಗಿಯೋ ಹೋಯಿತು, ಉಳಿದದ್ದು ಸುಮಾರು 14 ಎಕರೆ. ಆ 14 ಎಕರೆಯೇ ಸಾಕಾಯಿತು. 2015ರಲ್ಲಿ ನಾರ್ವೆಯ ಸರ್ಕಾರಿ ನಿಧಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡರು. 11 ಕಚೇರಿ ಕಟ್ಟಡಗಳಲ್ಲಿ ಶೇ. 44 ಪಾಲು, ಬೆಲೆ 156 ಕೋಟಿ ಡಾಲರ್. ಸೊಗಸು ಇರೋದು ಸಣ್ಣ ಅಕ್ಷರದಲ್ಲಿ: ಕೊಟ್ಟದ್ದು 75 ವರ್ಷದ ಹಕ್ಕು ಮಾತ್ರ. ಅವಧಿ ಮುಗಿದಾಗ ಈಗ ಸಹಿ ಹಾಕಿದವರು ಯಾರೂ ಇರಲ್ಲ, ಚರ್ಚ್ ಇರುತ್ತೆ.

ಗುತ್ತಿಗೆಯ ಇನ್ನೊಂದು ಮುಖವೂ ಇದೆ. ಜೆರುಸಲೇಮಿನ ಗ್ರೀಕ್ ಆರ್ಥಡಾಕ್ಸ್ ಪೇಟ್ರಿಯಾರ್ಕೇಟ್, ಅಂದರೆ ಆ ಚರ್ಚಿನ ಮುಖ್ಯಸ್ಥರ ಪೀಠ, 1950ರ ದಶಕದಲ್ಲಿ ಊರಿನ ನಡುವಿನ ದೊಡ್ಡ ದೊಡ್ಡ ಜಾಗಗಳನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟಿತ್ತು. ರೆಹಾವಿಯಾ, ತಲ್ಬಿಯಾದಂಥ ಬಡಾವಣೆಗಳಲ್ಲಿ ಆ ನೆಲದ ಮೇಲೆ ಸಾವಿರಾರು ಜನ ಮನೆ ಮಾಡಿಕೊಂಡಿದ್ದಾರೆ. ಅವಧಿ ಹತ್ತಿರವಾಗುತ್ತಿದ್ದ ಹಾಗೆ ಪೇಟ್ರಿಯಾರ್ಕೇಟ್ ಅಲ್ಲಿನ ಹಲವು ಜಾಗಗಳ ಹಕ್ಕನ್ನು ಖಾಸಗಿ ಹೂಡಿಕೆದಾರರಿಗೆ ಮಾರಿತು. ಈಗ ಮನೆಯವರಿಗೂ ನಿದ್ದೆ ಇಲ್ಲ, ಸ್ವಂತ ಭಕ್ತರಿಗೂ ಸಿಟ್ಟು. 99 ವರ್ಷ ಅಂದಾಗ ಸಹಿ ಹಾಕುವವರಿಗೆ ಅದು ಎಂದೂ ಮುಗಿಯದ ಅವಧಿ ಅನ್ನಿಸುತ್ತೆ, ಅಲ್ವಾ? ಮುಗಿಯುತ್ತೆ.

ನೀವು ನೋಡಬೇಕಾದ್ದು ಇಷ್ಟು: ಪ್ರತಿ ಗುತ್ತಿಗೆ ಯಾವ ವರ್ಷ ಮುಗಿಯುತ್ತೆ, ನಡುವೆ ಬಾಡಿಗೆ ಪರಿಷ್ಕರಣೆ ಎಷ್ಟು ವರ್ಷಕ್ಕೊಮ್ಮೆ, ಗುತ್ತಿಗೆದಾರ ಕಟ್ಟಿದ ಕಟ್ಟಡ ಕೊನೆಗೆ ಯಾರಿಗೆ. ಬೆಲೆ ಏರಿಕೆಗೆ ತಕ್ಕಂತೆ ಬಾಡಿಗೆ ಏರುವ ಷರತ್ತೇ ಇಲ್ಲದ ದೀರ್ಘ ಗುತ್ತಿಗೆ ಮಾರಾಟಕ್ಕಿಂತ ಕಡೆ. ಮಾರಾಟದಲ್ಲಿ ದುಡ್ಡಾದರೂ ಬರುತ್ತೆ.

ಹೆಜ್ಜೆ 5: ಬೀಗ ಹಾಕಿದ ದುಡ್ಡು, ಬೀಗ ಇಲ್ಲದ ದುಡ್ಡು

ದಾನಿಗಳು ಕೊಟ್ಟ ಹಣದಲ್ಲಿ ಮೂರು ಥರ ಇರುತ್ತೆ. ಮೂಲಧನ ಮುಟ್ಟಬಾರದು, ಬಡ್ಡಿಯನ್ನಷ್ಟೇ ಬಳಸಬೇಕು ಅಂತ ಕೊಟ್ಟದ್ದು. ಇಂಥದ್ದೇ ಕೆಲಸಕ್ಕೆ ಅಂತ ಕೊಟ್ಟದ್ದು. ಏನು ಬೇಕಾದರೂ ಮಾಡಿ ಅಂತ ಕೊಟ್ಟದ್ದು. ಒಟ್ಟು ನಿಧಿ 100 ಇದ್ದು ಅದರಲ್ಲಿ ಮೂರನೆಯ ಥರದ್ದು 5 ಮಾತ್ರ ಇದ್ದರೆ, ಆ ಸಂಸ್ಥೆ ಶ್ರೀಮಂತವೂ ಹೌದು, ತಿಂಗಳ ಕೊನೆಗೆ ಪರದಾಡುವುದೂ ಹೌದು. ಎರಡೂ ಸುಳ್ಳಲ್ಲ.

ಇನ್ನು ವರ್ಷಕ್ಕೆ ಎಷ್ಟು ಖರ್ಚು ಮಾಡಬಹುದು? ನಿಧಿ ವರ್ಷಕ್ಕೆ ಸರಾಸರಿ ಶೇ. 8 ಬೆಳೆಯುತ್ತೆ, ಬೆಲೆ ಏರಿಕೆ ಶೇ. 4 ಅಂದುಕೊಳ್ಳಿ. ಶೇ. 4 ಖರ್ಚು ಮಾಡಿದರೆ ಮುಂದಿನ ತಲೆಮಾರಿಗೂ ಇಷ್ಟೇ ಶಕ್ತಿಯ ನಿಧಿ ಸಿಗುತ್ತೆ. ಶೇ. 7 ಖರ್ಚು ಮಾಡಿದರೆ ಸುಮಾರು 23 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ. ಪುಸ್ತಕದಲ್ಲಿ ಅಂಕಿ ಮಾತ್ರ ಏರುತ್ತಲೇ ಇರುತ್ತೆ, ಆದ್ದರಿಂದ ಯಾರ ಗಮನಕ್ಕೂ ಬರಲ್ಲ. ಉಲ್ಟಾ ತಪ್ಪೂ ಇದೆ. ಶೇ. 8 ಬೆಳೆಯುವ ನಿಧಿಯಿಂದ ಶೇ. 1 ತೆಗೆಯುತ್ತಾ, ಎದುರಿಗಿರುವ ಅಗತ್ಯಕ್ಕೆ ದುಡ್ಡಿಲ್ಲ ಅನ್ನೋದು. ಎಷ್ಟು ತೆಗೆಯಬೇಕು ಅನ್ನೋದಕ್ಕೆ ಬರೆದಿಟ್ಟ ನಿಯಮ ಇದೆಯಾ, ಇಲ್ಲ ಪ್ರತಿವರ್ಷ ಸಭೆಯಲ್ಲಿ ಯಾರ ದನಿ ಜೋರೋ ಅವರ ಮಾತೇ ನಡೆಯುತ್ತಾ ಅಂತ ನೋಡಿ.

ಹೆಜ್ಜೆ 6: ಕೊಟ್ಟ ಮಾತುಗಳ ಲೆಕ್ಕ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ

ಸಮಯ ಕಮ್ಮಿ ಇದ್ದರೆ ಈ ಒಂದು ಹೆಜ್ಜೆ ಮಾತ್ರ ಮಾಡಿ. ಎಷ್ಟಿದೆ ಅನ್ನೋದು ಅರ್ಧ ಪ್ರಶ್ನೆ. ಆ ದುಡ್ಡಿನ ಮೇಲೆ ಯಾರಿಗೆ ಏನು ಮಾತು ಕೊಟ್ಟಾಗಿದೆ ಅನ್ನೋದು ಇನ್ನರ್ಧ. ನಿವೃತ್ತರ ಪಿಂಚಣಿ, ಸಿಬ್ಬಂದಿ ಸಂಬಳ, ಕಟ್ಟಡ ಉಳಿಸಿಕೊಳ್ಳುವ ಹೊರೆ, ಸಾಲದ ಕಂತು, ಹಳೆಯ ತಪ್ಪುಗಳಿಗೆ ಕೊಡಬೇಕಾದ ಪರಿಹಾರ.

ಮತ್ತೆ ಇಂಗ್ಲೆಂಡಿನ ಚರ್ಚ್ ಕಮಿಷನರ್‌ಗಳ ಹತ್ತಿರ ಹೋಗೋಣ, ಈ ಸಲ 1980ರ ದಶಕಕ್ಕೆ. ಪಾದ್ರಿಗಳ ಸಂಬಳಕ್ಕೆ ನೆರವು ಬೇಕು, ಪಿಂಚಣಿ ಕೊಡಬೇಕು, ನಿವೃತ್ತರ ಸಂಖ್ಯೆ ಏರುತ್ತಿದೆ. ಇದಕ್ಕೆಲ್ಲ ಮುಂಚೆಯೇ ದುಡ್ಡು ಕಟ್ಟಿ ಬೇರೆ ಇಟ್ಟಿರಲಿಲ್ಲ, ಅದೇ ನಿಧಿಯ ಆದಾಯದಿಂದ ಕೊಡುತ್ತಾ ಬಂದಿದ್ದರು. ಆದಾಯ ಸಾಲದೇ ಬಂತು. ಆಗ ಒಳ್ಳೆಯ ಉದ್ದೇಶದವರು ಮಾಡುವ ಮಾಮೂಲಿ ತಪ್ಪನ್ನೇ ಮಾಡಿದರು. ಇದ್ದ ಆದಾಯಕ್ಕೆ ತಕ್ಕಂತೆ ಖರ್ಚು ಹಿಡಿಯುವ ಬದಲು, ಮಾತಿಗೆ ತಕ್ಕಷ್ಟು ಆದಾಯ ಹುಟ್ಟಿಸಲು ಹೊರಟರು. ರಿಯಲ್ ಎಸ್ಟೇಟ್ ಜೋರಾಗಿದ್ದ ಕಾಲ. ಸಾಲ ತೆಗೆದು ಕಟ್ಟಡ ಯೋಜನೆಗಳಿಗೆ ಸುರಿದರು. ಕೆಂಟ್ ಕೌಂಟಿಯ ಆಶ್‌ಫರ್ಡ್ ಪಕ್ಕ ಒಂದು ದೊಡ್ಡ ಅಭಿವೃದ್ಧಿ ಯೋಜನೆ, ಅಮೆರಿಕದಲ್ಲಿ ಆಸ್ತಿಗಳು. 1989ರ ಹೊತ್ತಿಗೆ ಬ್ರಿಟನ್ನಿನ ಬಡ್ಡಿದರ ಶೇ. 15ರ ಹತ್ತಿರ ಹೋಯಿತು, ಆಮೇಲೆ ಆಸ್ತಿ ಬೆಲೆ ಕುಸಿಯಿತು. ಸಾಲ ಹಾಗೇ ಉಳಿಯಿತು. 1992ರಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ವಿಷಯ ಹೊರಗೆ ತಂದಾಗ ನಿಧಿಯ ಬೆಲೆ ಸುಮಾರು 80 ಕೋಟಿ ಪೌಂಡ್ ಕರಗಿತ್ತು.

ಕಳ್ಳತನ ಆಗಿರಲಿಲ್ಲ ಅನ್ನೋದನ್ನು ಗಮನಿಸಿ. ಯಾರೂ ಜೇಬಿಗೆ ಹಾಕಿಕೊಂಡಿರಲಿಲ್ಲ. ದೇವರ ಕೆಲಸಕ್ಕೆ ಜಾಸ್ತಿ ದುಡ್ಡು ಬೇಕು ಅನ್ನುವ ಒತ್ತಡವೇ ಸಾಕಾಯಿತು.

ಮುಂದೇನಾಯಿತು ಅನ್ನೋದು ಕಾಣಿಕೆ ಹಾಕುವವರಿಗೆ ಮುಖ್ಯ. 1997ರ ಕೊನೆಯವರೆಗಿನ ಸೇವೆಯ ಪಿಂಚಣಿ ಕಮಿಷನರ್‌ಗಳ ತಲೆ ಮೇಲೆ, 1998ರಿಂದ ಮುಂದಿನ ಸೇವೆಯ ಪಿಂಚಣಿಗೆ ಹೊಸ ನಿಧಿ, ಅದಕ್ಕೆ ದುಡ್ಡು ಡಯಾಸಿಸ್‌ಗಳಿಂದ, ಅಂದರೆ ಕೊನೆಗೆ ಪ್ಯಾರಿಷ್‌ನ ಜನರ ಕಾಣಿಕೆಯಿಂದ. "ಇಷ್ಟು ಆಸ್ತಿ ಇದ್ದೂ ಯಾಕೆ ಕೇಳ್ತಾರೆ" ಅನ್ನುವ ಪ್ರಶ್ನೆಗೆ ಒಂದು ಪಕ್ಕಾ ಉತ್ತರ ಇಲ್ಲಿದೆ: ಆ ಆಸ್ತಿಯ ಮೇಲೆ ನಿಮ್ಮ ಹೆಸರಿಗಿಂತ ಮುಂಚೆ ಸಾವಿರಾರು ನಿವೃತ್ತರ ಹೆಸರು ಬರೆದಾಗಿದೆ.

ಹಳೆಯ ಮಾತುಗಳ ಜೊತೆ ಹಳೆಯ ಪಾಪಗಳೂ ಲೆಕ್ಕಕ್ಕೆ ಬರುತ್ತವೆ. ಅದೇ ಕಮಿಷನರ್‌ಗಳು ತಮ್ಮ ನಿಧಿಯ ಬೇರು ಅಗೆಸಿ ನೋಡಿದಾಗ, 18ನೇ ಶತಮಾನದಲ್ಲಿ ಕ್ವೀನ್ ಆನ್ಸ್ ಬೌಂಟಿ ಗುಲಾಮರ ಸಾಗಣೆ ನಡೆಸುತ್ತಿದ್ದ ಸೌತ್ ಸೀ ಕಂಪನಿಯಲ್ಲಿ ದುಡ್ಡು ಹಾಕಿದ್ದು ಖಚಿತವಾಯಿತು. 2023ರ ಜನವರಿಯಲ್ಲಿ ಪೂರ್ತಿ ವರದಿ ಪ್ರಕಟಿಸಿ 10 ಕೋಟಿ ಪೌಂಡ್ ಬೇರೆ ಇಡುವುದಾಗಿ ಹೇಳಿದರು. ಭಕ್ತರಲ್ಲೇ ಕೆಲವರು ಸರಿ ಅಂದರು, ಕೆಲವರು ಆ ದುಡ್ಡು ಪ್ಯಾರಿಷ್‌ಗಳಿಗೆ ಹೋಗಬೇಕಿತ್ತು ಅಂದರು. ಜಗಳ ಇನ್ನೂ ಇದೆ. ಆದರೆ 300 ವರ್ಷದ ಹಿಂದಿನ ಲೆಕ್ಕದ ಪುಸ್ತಕ ಜೋಪಾನವಾಗಿ ಉಳಿದಿದ್ದರಿಂದಲೇ ಈ ಜಗಳ ಸಾಧ್ಯವಾಯಿತು ಅನ್ನೋದು ನನಗೆ ದೊಡ್ಡ ವಿಷಯ.

ಲೆಕ್ಕದಲ್ಲಿ ಹುಡುಕಬೇಕಾದ ಪದಗಳು: ಪಿಂಚಣಿ ಹೊಣೆ, ಗ್ರಾಚ್ಯುಟಿ, ಸಾಲ, ಗ್ಯಾರಂಟಿ, ಸಂಭಾವ್ಯ ಹೊಣೆ (ಮುಂದೆ ಕೊಡಬೇಕಾಗಿ ಬಂದರೂ ಬರಬಹುದಾದ ದುಡ್ಡು). ಕೊನೆಯ ಎರಡು ಸಾಮಾನ್ಯವಾಗಿ ಮುಖ್ಯ ಪುಟದಲ್ಲಿ ಇರೋದೇ ಇಲ್ಲ, ಟಿಪ್ಪಣಿಯಲ್ಲಿ ಅಡಗಿರುತ್ತವೆ. ಇವನ್ನೆಲ್ಲ ಕೂಡಿ, ಹೆಜ್ಜೆ 2ರ ಮೂರನೆಯ ಗುಂಪು ಮತ್ತು ಹೂಡಿಕೆಗಳ ಬೆಲೆಯಿಂದ ಕಳೆಯಿರಿ. ಉಳಿದದ್ದೇ ಸಂಸ್ಥೆ ನಿಜವಾಗಿ ಸ್ವತಂತ್ರವಾಗಿ ಬಳಸಬಹುದಾದ ಸಂಪತ್ತು. ಎಷ್ಟೋ ಸಲ ಈ ಅಂಕಿ ಚಿಕ್ಕದಿರುತ್ತೆ. ಕೆಲವು ಸಲ ಬಹಳ ದೊಡ್ಡದಿರುತ್ತೆ, ಆಗ ಬೇರೆ ಪ್ರಶ್ನೆ ಕೇಳಬೇಕು.

ಹೆಜ್ಜೆ 7: ನಡುವಿನ ಕೈಗಳನ್ನು ಎಣಿಸಿ

ಸಂಸ್ಥೆಗೂ ಆಸ್ತಿಗೂ ನಡುವೆ ಎಷ್ಟು ಜನ ಇದ್ದಾರೆ? ಫಂಡು, ಅದರ ಮೇಲೊಂದು ಕಂಪನಿ, ಅದಕ್ಕೊಬ್ಬ ಮ್ಯಾನೇಜರ್, ಅವನಿಗೊಬ್ಬ ದಲ್ಲಾಳಿ. ಪ್ರತಿ ಕೈ ದಾಟುವಾಗಲೂ ಒಂದಿಷ್ಟು ಅಂಟಿಕೊಳ್ಳುತ್ತೆ.

ಲಂಡನ್ನಿನ ಸ್ಲೋನ್ ಅವೆನ್ಯೂದಲ್ಲಿರುವ ಒಂದು ಕಟ್ಟಡದ ಕಥೆ ಇದಕ್ಕೆ ಪಾಠಪುಸ್ತಕ. ವ್ಯಾಟಿಕನ್‌ನ ಮುಖ್ಯ ಆಡಳಿತ ವಿಭಾಗವಾದ ಸೆಕ್ರೆಟರಿಯೇಟ್ ಆಫ್ ಸ್ಟೇಟ್ 2014ರಲ್ಲಿ ಒಂದು ಖಾಸಗಿ ಫಂಡಿಗೆ ದುಡ್ಡು ಹಾಕಿತು, ಆ ಫಂಡಿನ ಹತ್ತಿರ ಈ ಕಟ್ಟಡದ ಪಾಲು ಇತ್ತು. ನಾಲ್ಕು ವರ್ಷದ ಮೇಲೆ ಫಂಡು ಬಿಟ್ಟು ಕಟ್ಟಡವನ್ನೇ ಪೂರ್ತಿ ತಗೊಳ್ಳೋಣ ಅಂತ ಹೊರಟಾಗ ಹೊಸ ದಲ್ಲಾಳಿ ಬಂದ. ಹೊಸ ಕಂಪನಿಯಲ್ಲಿ 31,000 ಷೇರು. ವ್ಯಾಟಿಕನ್‌ಗೆ 30,000, ದಲ್ಲಾಳಿಗೆ 1,000. ನೋಡಲು ಚೆನ್ನಾಗಿದೆ. ಆದರೆ ಮತ ಹಾಕುವ ಹಕ್ಕು ಇದ್ದದ್ದು ಆ 1,000 ಷೇರಿಗೆ ಮಾತ್ರ! ಅವನ್ನು ಬಿಡಿಸಿಕೊಳ್ಳಲು 1.5 ಕೋಟಿ ಯೂರೋ ಕೊಡಬೇಕಾಯಿತು. ಒಟ್ಟು ಸುಮಾರು 35 ಕೋಟಿ ಯೂರೋ ಹಾಕಿದ ಈ ಕಟ್ಟಡವನ್ನು 2022ರಲ್ಲಿ 18.6 ಕೋಟಿ ಪೌಂಡಿಗೆ ಮಾರಿದರು. ನಷ್ಟ 10 ಕೋಟಿ ಯೂರೋಗೂ ಜಾಸ್ತಿ. ಆಸ್ತಿ ಹೂಡಿಕೆಯ ಅಧಿಕಾರವನ್ನು ಆ ವಿಭಾಗದಿಂದ ಕಿತ್ತು ಆಪ್ಸಾಕ್ಕೆ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಕೋರ್ಟು ಮೊದಲ ಹಂತದ ತೀರ್ಪಿನಲ್ಲಿ ಒಬ್ಬ ಕಾರ್ಡಿನಲ್ ಸೇರಿ ಹಲವರಿಗೆ ಶಿಕ್ಷೆ ವಿಧಿಸಿತು.

ಷೇರು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮತ ಯಾರದ್ದು ಅಂತ ಒಬ್ಬರೂ ಕೇಳಿರಲಿಲ್ಲ.

ಈಗ ಬಚ್ಚಿಡುವ ವಿಷಯ. ಅಮೆರಿಕದ ಲ್ಯಾಟರ್ ಡೇ ಸೇಂಟ್ಸ್ ಚರ್ಚು, ಅಂದರೆ ಮಾರ್ಮನ್ನರ ಚರ್ಚು, ತನ್ನ ಹೂಡಿಕೆ ನೋಡಿಕೊಳ್ಳಲು 1997ರಲ್ಲಿ ಎನ್ಸೈನ್ ಪೀಕ್ ಅನ್ನುವ ಸಂಸ್ಥೆ ಮಾಡಿತು. ದೊಡ್ಡ ಷೇರು ಹೂಡಿಕೆದಾರರು ಅಲ್ಲಿ ಸರ್ಕಾರಕ್ಕೆ ಮೂರು ತಿಂಗಳಿಗೊಮ್ಮೆ ಪಟ್ಟಿ ಕೊಡಬೇಕು. ಇವರು ಹೆಸರಿಗಷ್ಟೇ ಇದ್ದ 13 ಕಂಪನಿಗಳ ಮೂಲಕ ಆ ಪಟ್ಟಿಗಳನ್ನು ಕೊಡಿಸಿದರು. 2018ರ ಹೊತ್ತಿಗೆ ಷೇರುಗಳ ಬೆಲೆ ಸುಮಾರು 3,200 ಕೋಟಿ ಡಾಲರ್. ಷೇರು ಮಾರುಕಟ್ಟೆ ನಿಯಂತ್ರಕರ ಪ್ರಕಾರ, ಇಷ್ಟು ದೊಡ್ಡ ಮೊತ್ತ ಹೊರಗೆ ಗೊತ್ತಾದರೆ ಕೆಟ್ಟ ಪರಿಣಾಮ ಆದೀತು ಅನ್ನುವ ಆತಂಕವೇ ಇದಕ್ಕೆ ಕಾರಣ. 2023ರ ಫೆಬ್ರವರಿಯಲ್ಲಿ ಚರ್ಚು, ಎನ್ಸೈನ್ ಪೀಕ್ ಎರಡಕ್ಕೂ ಸೇರಿ 50 ಲಕ್ಷ ಡಾಲರ್ ದಂಡ ಬಿತ್ತು. ದುಡ್ಡಿನ ಲೆಕ್ಕದಲ್ಲಿ ಅದು ಪುಡಿಗಾಸು. ದುಡ್ಡು ಕಳೆದೂ ಇರಲಿಲ್ಲ, ನಿರ್ವಹಣೆ ಬಹಳ ಚೆನ್ನಾಗಿಯೇ ಇತ್ತು. ತಮಾಷೆ ಏನೆಂದರೆ ಚೆನ್ನಾಗಿ ಬೆಳೆದದ್ದನ್ನೇ ಮುಚ್ಚಿಟ್ಟರು.

ಹೆಜ್ಜೆ 8: ಕೇಳೋದು ಹೇಗೆ

ಸಭೆಯಲ್ಲಿ ಎದ್ದು ನಿಂತು "ನಮ್ಮ ದುಡ್ಡು ಎಲ್ಲಿ ಹೋಯ್ತು" ಅಂತ ಕೂಗಿದರೆ ಯಾರೂ ಉತ್ತರ ಕೊಡಲ್ಲ, ನಿಮ್ಮ ಭಕ್ತಿಯ ಬಗ್ಗೆ ಚರ್ಚೆ ಶುರುವಾಗುತ್ತೆ. ಬರೆದು ಕೇಳಿ. ಪುಟದ ಸಂಖ್ಯೆ, ಟಿಪ್ಪಣಿಯ ಸಂಖ್ಯೆ ಹಾಕಿ ಕೇಳಿ. ಐದಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ನಾನು ಬಳಸುವ ಐದು ಇವು, ಬೇಕಾದರೆ ಹಾಗೇ ಎತ್ತಿಕೊಳ್ಳಿ.

ಬಾಡಿಗೆಗೆ ಕೊಟ್ಟ ಆಸ್ತಿಗಳಲ್ಲಿ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಹೋಗಿರುವವು ಎಷ್ಟು, ಅವುಗಳಲ್ಲಿ ಸಮಿತಿಯವರ ಅಥವಾ ಅವರ ನೆಂಟರ ಹೆಸರಿನಲ್ಲಿ ಯಾವುದಾದರೂ ಇದೆಯೇ? ಮುಂದಿನ 20 ವರ್ಷದಲ್ಲಿ ಮುಗಿಯುವ ಗುತ್ತಿಗೆಗಳು ಯಾವುವು? ಪಿಂಚಣಿ ಮತ್ತು ಸಂಬಳದ ಹೊಣೆಗೆ ಎದುರಾಗಿ ಬೇರೆ ಇಟ್ಟ ಹಣ ಎಷ್ಟು? ಆಸ್ತಿಯ ಮೇಲೆ ಸಾಲ ಇದೆಯೇ, ಇದ್ದರೆ ಬಡ್ಡಿ ಯಾವ ಬಾಡಿಗೆಯಿಂದ ಹೋಗುತ್ತಿದೆ? ಹೂಡಿಕೆ ನಿರ್ಧಾರ ಮಾಡುವವರು ಯಾರು, ಅವರ ಮೇಲೆ ಇಲ್ಲ ಅನ್ನುವ ಅಧಿಕಾರ ಯಾರಿಗಿದೆ?

ಉತ್ತರ ಬಂದರೆ ಧನ್ಯವಾದ ಹೇಳಿ ಫೈಲ್ ಮಾಡಿ. ಅರ್ಧ ಬಂದರೆ ಉಳಿದರ್ಧಕ್ಕೆ ಮತ್ತೆ ಬರೆಯಿರಿ, ಸಿಟ್ಟು ಬೇಡ. ಖಜಾಂಚಿಗಳು ಬಹುಪಾಲು ಸಂಬಳ ಇಲ್ಲದೆ ದುಡಿಯುವವರು, ಅವರಿಗೂ ಎಷ್ಟೋ ಸಲ ಉತ್ತರ ಗೊತ್ತಿರಲ್ಲ. ನಮ್ಮ ಆ ಕೆಳಗಿನ ಮಹಡಿಯ ಬಾಡಿಗೆ ಏರಿದ್ದು ಮೂರನೆಯ ಪತ್ರದ ನಂತರ, ಅದೂ ಬೀಗರೇ ಬಂದು "ಹೌದಲ್ಲಾ, ನನಗೂ ಮರೆತೇ ಹೋಗಿತ್ತು" ಅಂದ ಮೇಲೆ. ಏನೂ ಬರದಿದ್ದರೆ ಮುಂದಿನ ವಾರ್ಷಿಕ ಸಭೆಯ ನೋಟಿಸ್ ಕೈಗೆ ಬಂದ ದಿನವೇ ಹಳೆಯ ಪತ್ರದ ಪ್ರತಿ ಲಗತ್ತಿಸಿ, ದಿನಾಂಕ ಹಾಕಿ, ಮತ್ತೆ ಕಳಿಸಿ. ಈ ಸಲ ಆಡಿಟರ್‌ಗೂ ಒಂದು ಪ್ರತಿ.